ಮಗು ಕಳೆದುಕೊಂಡ ಗೆಳೆಯರ ಮದುವೆಗೆ ಏನು ಉಡುಗೊರೆ ಕೊಡುವುದು?

ಮೂರು ವರ್ಷದ ಹಿಂದೆ ನನ್ನ ಗೆಳೆಯರಿಬ್ಬರು ರಿಜಿಸ್ಟರ್ ಮದುವೆಯಾದರು. ಜಾತಿ ಬೇರೆ, ಎರಡೂ ಮನೆಯಲ್ಲಿ ಒಪ್ಪಿಗೆ ಇರಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ಆ ಮೂವರಲ್ಲಿ ನಾನೂ ಒಬ್ಬಳು. ಮರುವರ್ಷ ಅವಳು ಬಸುರಿಯಾದಳು. ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಯಿತು. ಸುದ್ದಿ ಕೇಳಿ ಇಬ್ಬರ ಅಮ್ಮಂದಿರೂ ಆಸ್ಪತ್ರೆಗೆ ಓಡಿ ಬಂದರು. ಕಡಿದುಹೋಗಿದ್ದ ಮಾತುಕತೆ ಅಲ್ಲಿಂದ ಮತ್ತೆ ಶುರುವಾಯಿತು. ಹತ್ತು ತಿಂಗಳಾದ ಮೇಲೆ ಹಿರಿಯರೇ ಮುಂದೆ ನಿಂತು, ಛತ್ರ ಹಿಡಿದು, ನೆಂಟರನ್ನೆಲ್ಲ ಕರೆದು ಮದುವೆ ಮಾಡಿದರು.

ಆ ಮದುವೆಗೆ ನಾನು ಒಯ್ದದ್ದು ಆಲದೆಲೆಯ ಮೇಲೆ ಮಲಗಿ ಕಾಲ್ಬೆರಳು ಚೀಪುವ ಕೃಷ್ಣನ ಪಟ. ಮೈಸೂರು ಶೈಲಿ, ಚಿನ್ನದ ರೇಕಿನ ಕೆಲಸ. ಚೆಂದವಿತ್ತು, ದುಬಾರಿಯೂ ಆಗಿತ್ತು. ಅವಳು ಬಿಚ್ಚಿ ನೋಡಿ "ಚೆನ್ನಾಗಿದೆ ಕಣೇ" ಅಂದಳು, ಅಷ್ಟೇ. ಆ ಪಟ ಇವತ್ತಿಗೂ ಅವರ ಮನೆಯ ಗೋಡೆ ಕಂಡಿಲ್ಲ. ಮಗುವಿನ ವಿಷಯ ನನಗೆ ಮರೆತಿತ್ತು ಅಂತಲ್ಲ. ಅಂಗಡಿಯಲ್ಲಿ ನಿಂತಾಗ 'ಮದುವೆ ಉಡುಗೊರೆ' ಅನ್ನುವುದಷ್ಟೇ ತಲೆಯಲ್ಲಿತ್ತು. ನಮ್ಮ ಕಡೆ ಮದುವೆ ಉಡುಗೊರೆ ಅಂದರೆ ಅರ್ಧಕ್ಕರ್ಧ ಮಗುವಿನ ಹಾರೈಕೆಯೇ ಅಲ್ವಾ? ಅದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಆಮೇಲೆ ಅವಳ ಹತ್ತಿರವೇ ಕೂತು ಎಷ್ಟೋ ಮಾತಾಡಿದೆ. ಅದರಿಂದ ತಿಳಿದದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ಒಟ್ಟಿಗೆ ಬಾಳುತ್ತಿದ್ದು ಈಗ ಮದುವೆಯಾಗುವವರು, ಮಗು ತೀರಿಹೋದ ಮೇಲೆ ಆರತಕ್ಷತೆ ಇಟ್ಟುಕೊಂಡವರು, ಮದುವೆಯ ಹತ್ತನೇ ವರ್ಷ ಆಚರಿಸುವವರು, ಯಾರಿಗೇ ಆದರೂ ಇದು ಹೊಂದುತ್ತದೆ. ನಾನು ಹಿಡಿದುಕೊಂಡ ಸೂತ್ರ ಇಷ್ಟೇ: ಉಡುಗೊರೆ ಅವರಿಬ್ಬರಿಗೆ, ಮಗುವಿನ ಮಾತು ಪತ್ರಕ್ಕೆ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಬೇಡಿ.

ಹಂತ 1: ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ

ಛತ್ರದಲ್ಲಿ ಕೊಟ್ಟ ಉಡುಗೊರೆ ಮದುಮಕ್ಕಳ ಕೈಯಲ್ಲಿ ಉಳಿಯುವುದು ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ. ಪಕ್ಕದಲ್ಲಿ ನಿಂತ ಚಿಕ್ಕಮ್ಮನ ಮಗ ಅದನ್ನು ಇಸಿದುಕೊಂಡು ದೊಡ್ಡ ಚೀಲಕ್ಕೆ ಹಾಕುತ್ತಾನೆ. ರಾತ್ರಿ ರೂಮಿನಲ್ಲಿ ಹತ್ತು ಜನ ಸುತ್ತ ಕೂತು ಬಿಚ್ಚುತ್ತಾರೆ. ಒಬ್ಬರು ನೋಟ್‌ಬುಕ್ಕಿನಲ್ಲಿ ಮುಯ್ಯಿ ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಕವರ್ ಒಡೆದು ಒಳಗಿನ ಚೀಟಿಯನ್ನು ಜೋರಾಗಿ ಓದುತ್ತಾರೆ. ನೀವು ಹೃದಯ ತುಂಬಿ ಬರೆದ ಎರಡು ಸಾಲು ಮೊದಲು ಬೀಳುವುದು ಅವರ ಕಣ್ಣಿಗೆ.

ಎಷ್ಟೋ ಮನೆಗಳಲ್ಲಿ ಮಗುವಿನ ವಿಷಯ ಅಪ್ಪ ಅಮ್ಮನ ಆಚೆ ಹೋಗಿರುವುದಿಲ್ಲ. ಮದುವೆಗೆ ಮೊದಲೇ ಬಸುರಾಗಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಅವರಿಗೆ ಹತ್ತಿರವಿರುವ ಒಬ್ಬ ತಂಗಿಯನ್ನೋ ಗೆಳೆಯನನ್ನೋ ಮೊದಲು ಮೆಲ್ಲಗೆ ವಿಚಾರಿಸಿ: "ಅವರ ನೆಂಟರಿಗೆಲ್ಲ ಗೊತ್ತಾ?" ಉತ್ತರ ಸಿಗದಿದ್ದರೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ.

ಹಂತ 2: ದಿನಗಳನ್ನು ನೋಡಿಕೊಳ್ಳಿ

ಎರಡು ತಾರೀಕು ಮುಖ್ಯ. ಮಗು ಹೋದ ದಿನ ಒಂದು. ಡಾಕ್ಟರ್ ಹೆರಿಗೆಗೆ ಕೊಟ್ಟಿದ್ದ ದಿನ ಇನ್ನೊಂದು. ಎರಡನೆಯದು ಹೊರಗಿನವರಿಗೆ ನೆನಪಿರುವುದಿಲ್ಲ, ತಾಯಿಗೆ ಮರೆಯುವುದಿಲ್ಲ. ಮುಹೂರ್ತ ಇಟ್ಟ ಪುರೋಹಿತರಿಗೆ ಇದು ಗೊತ್ತಿರುವುದೂ ಇಲ್ಲ. ಮದುವೆ ಈ ದಿನಗಳ ಆಸುಪಾಸಿಗೆ ಬಿದ್ದಿದ್ದರೆ ಗದ್ದಲದ ಉಡುಗೊರೆ ಬೇಡ. ಆನ್‌ಲೈನ್‌ನಲ್ಲಿ ತರಿಸಿ ನೇರ ಅವರ ಮನೆಗೆ ಕಳಿಸುವವರು ತಲುಪುವ ದಿನವನ್ನೂ ನೋಡಿಕೊಳ್ಳಿ.

ಹಂತ 3: ದುಡ್ಡು ಕೊಡಲು ಮುಜುಗರ ಬೇಡ

ಇಂಥ ಜೋಡಿಗೆ ಕವರ್ ಕೊಡುವುದೇ ಎಷ್ಟೋ ಸಲ ಒಳ್ಳೆಯದು. ಅವರು ಸಂಸಾರ ಹೂಡಿ ಎರಡು ಮೂರು ವರ್ಷವಾಗಿರುತ್ತದೆ; ಮನೆಯಲ್ಲಿ ಕುಕ್ಕರ್ ಇದೆ, ಮಿಕ್ಸಿ ಇದೆ. ಮಗುವನ್ನು ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಟ್ಟಿದ್ದರೆ ದಿನದ ಲೆಕ್ಕದ ಬಿಲ್ ಬೆಳೆದಿರುತ್ತದೆ. ಸಾಲ ಇನ್ನೂ ತೀರಿರಲಿಕ್ಕಿಲ್ಲ, ಅದನ್ನು ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಗೆಳೆಯರು ಆರೇಳು ಜನ ಸೇರಿ ಒಂದು ಮೊತ್ತ ಮಾಡಿ. ಮೇಲೊಂದು ರೂಪಾಯಿ ಸೇರಿಸಿ 5,001 ಅಥವಾ 10,001 ಮಾಡುವುದು ನಮ್ಮ ವಾಡಿಕೆ, ಅದನ್ನು ಬಿಡಬೇಡಿ. ದೊಡ್ಡ ಮೊತ್ತವಾದರೆ ಮದುವೆಗೆ ವಾರ ಮೊದಲೇ ಖಾತೆಗೆ ಹಾಕಿ, ಛತ್ರದಲ್ಲಿ ಸಣ್ಣ ಕವರ್ ಕೊಡಿ. ದುಡ್ಡು ಯಾಕೆ ಅನ್ನುವುದನ್ನು ಮಾತ್ರ ಬಿಡಿಸಿ ಹೇಳಬೇಡಿ. 'ಆಸ್ಪತ್ರೆ ಖರ್ಚಿಗೆ ಆಗಲಿ' ಎಂದು ಬರೆದರೆ ಅದು ಮುಯ್ಯಿ ಆಗಿ ಉಳಿಯುವುದಿಲ್ಲ.

ಹಂತ 4: ವಸ್ತು ಕೊಡುವುದಾದರೆ, ಮಗು ಎಲ್ಲೆಲ್ಲಿ ಅಡಗಿದೆ ನೋಡಿ

ಉಡುಗೊರೆ ಅಂಗಡಿಯಲ್ಲಿ ಒಮ್ಮೆ ಈ ಕಣ್ಣಿನಿಂದ ಸುತ್ತಿ ಬನ್ನಿ, ಗಾಬರಿಯಾಗುತ್ತದೆ. ಬೆಣ್ಣೆ ಕೃಷ್ಣ. ಯಶೋದೆಯ ಮಡಿಲಲ್ಲಿ ಕೃಷ್ಣ. ಕರುವಿಗೆ ಹಾಲೂಡುವ ಕಾಮಧೇನು. ತಾಯಿ ಆನೆ, ಮರಿ ಆನೆ. ಐದು ಫೋಟೋ ಹಾಕುವ ಫ್ರೇಮಿನಲ್ಲಿ ನಡುವಿನದು ಪುಟಾಣಿ ಪಾದದ ಆಕಾರ. ಅಪ್ಪ, ಅಮ್ಮ, ಮಕ್ಕಳು ಎಂದು ಕೊಂಬೆ ಚಾಚಿದ ವಂಶವೃಕ್ಷದ ಸ್ಟಿಕ್ಕರ್. ಎಲ್ಲವೂ ಶುಭ ಸೂಚಕ, ಹಾಗಾಗಿಯೇ ನಮ್ಮ ಕೈ ತಾನಾಗಿ ಅತ್ತ ಹೋಗುತ್ತದೆ.

ಬೆಳ್ಳಿ ಅಂಗಡಿಗೆ ಹೋದರೆ ಮೊದಲ ಪ್ರಶ್ನೆಯೇ "ಮದುವೆಗಾ, ನಾಮಕರಣಕ್ಕಾ?" ಸಣ್ಣ ಬೆಳ್ಳಿ ಸಾಮಾನಿನ ಸಾಲಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕದಲ್ಲೇ ಒಳಲೆ, ಗಿಲಕಿ, ಪುಟ್ಟ ಚಮಚ ಇರುತ್ತವೆ. ನೀವು ಕುಂಕುಮದ ಬಟ್ಟಲೇ ತೆಗೆದುಕೊಂಡಿರಬಹುದು, ಆದರೆ ಅವರು ಹಾಕಿಕೊಟ್ಟ ಡಬ್ಬಿಯ ಮೇಲೆ ತೊಟ್ಟಿಲ ಚಿತ್ರ ಇರಬಹುದು. ಡಬ್ಬಿ, ಸುತ್ತುವ ಕಾಗದ, ಶುಭಾಶಯದ ಕಾರ್ಡ್, ಮೂರನ್ನೂ ಬೇರೆಬೇರೆಯಾಗಿ ನೋಡಿ.

ಸೀರೆಯಲ್ಲೂ ಇದು ಉಂಟು. ಧಾರವಾಡದ ಕಸೂತಿ ಸೀರೆ ನನಗೆ ತುಂಬ ಇಷ್ಟ. ಗವಂತಿ, ಮುರಗಿ, ನೇಗಿ, ಮೆಂತೆ ಹೊಲಿಗೆಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ತುಂಬಿರುತ್ತಾರೆ. ಆ ಚಿತ್ತಾರಗಳಲ್ಲಿ ತೊಟ್ಟಿಲೂ ಒಂದು. ಸೆರಗನ್ನು ಪೂರ್ತಿ ಬಿಡಿಸಿ ನೋಡದೆ ಕೊಳ್ಳಬೇಡಿ.

ತಿಂಡಿಯ ಡಬ್ಬಿ ಕೊಡುವವರಿಗೆ ಒಂದು ಮಾತು. ಅಂಟಿನುಂಡೆ ಬೇಡ. ಒಣಹಣ್ಣು, ಕೊಬ್ಬರಿ, ಅಂಟು ಹಾಕಿದ ಆ ಉಂಡೆ ಎಲ್ಲರಿಗೂ ರುಚಿಯೇ, ಆದರೆ ಅದು ಬಾಣಂತಿಗೆ ಕಟ್ಟಿಕೊಡುವುದು. ಮಾತು ಬಿಟ್ಟಿದ್ದರೂ ನನ್ನ ಗೆಳತಿಯ ಅತ್ತೆ ಹೆರಿಗೆಗೆಂದು ಮೊದಲೇ ಮಾಡಿಟ್ಟಿದ್ದ ಅಂಟಿನುಂಡೆಯ ಡಬ್ಬ ತಿಂಗಳುಗಟ್ಟಲೆ ಅಟ್ಟದ ಮೇಲಿತ್ತು. ಅದನ್ನು ಎಸೆಯಲು ಯಾರಿಗೂ ಕೈ ಬಂದಿರಲಿಲ್ಲ.

ಚನ್ನಪಟ್ಟಣದ ಅರಗು ಬಣ್ಣದ ಸಾಮಾನು ಕೊಡಬೇಕೆನಿಸಿದರೆ ನೀವೇ ಹೋಗಿ ಆರಿಸಿ ತನ್ನಿ. ದೀಪದ ಸ್ಟ್ಯಾಂಡು, ಬಟ್ಟಲು, ಬಳೆ ಎಲ್ಲ ಚೆನ್ನಾಗಿರುತ್ತವೆ. ಆದರೆ ವೋಚರ್ ಕೊಟ್ಟು ಅವರನ್ನೇ ಅಲ್ಲಿಗೆ ಕಳಿಸಬೇಡಿ. ಬಾಗಿಲಲ್ಲೇ ತಳ್ಳುಗಾಡಿ, ಗಿಲಕಿ, ಮರದ ಕುದುರೆ ನಿಂತಿರುತ್ತವೆ.

ಹಾಗಂತ ಗೊಂಬೆ ಅನ್ನುವ ಪದಕ್ಕೇ ಹೆದರಬೇಕಿಲ್ಲ. ಮೈಸೂರು ಕಡೆ ಮದುಮಗಳಿಗೆ ತವರಿನವರು ಪಟ್ಟದ ಗೊಂಬೆ ಕೊಡುವುದುಂಟು. ಅದರಲ್ಲಿ ರಾಜ, ರಾಣಿ ಇಬ್ಬರೇ. ಅದು ತವರಿನ ಹಕ್ಕು, ಗೆಳೆಯರು ಅದಕ್ಕೆ ಕೈ ಹಾಕುವುದು ಬೇಡ.

ಹಂತ 5: ಹಾಗಾದರೆ ಏನು ಕೊಡಲಿ?

ಇಬ್ಬರೂ ಬಳಸುವಂಥದ್ದು, ಅವರ ರುಚಿಗೆ ಸೇರಿದ್ದು, ಮುಂದೆ ಹೀಗಾಗಲಿ ಹಾಗಾಗಲಿ ಅಂತ ಏನನ್ನೂ ಹಾರೈಸದೆ ಇರುವಂಥದ್ದು. ಈ ಮೂರು ಸಾಕು.

ಜೋಡಿ ಹಿತ್ತಾಳೆ ದೀಪ ನನ್ನ ಮೊದಲ ಆಯ್ಕೆ. ಮದುವೆಗೆ ಒಪ್ಪುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅವರಿಗೆ ಬೇಕೆನಿಸಿದ ದಿನ, ಅವರ ಕಾರಣಕ್ಕೆ, ಅವರೇ ಹಚ್ಚಿಕೊಳ್ಳಬಹುದು. ಎರಡು ದೊಡ್ಡದು, ಒಂದು ಪುಟ್ಟದು ಇರುವ ಸೆಟ್ ಬೇಡ. ಅಂಗಡಿಯಲ್ಲಿ ಅದು ಮುದ್ದಾಗಿ ಕಾಣುತ್ತದೆ, ಮನೆಯಲ್ಲಿ ಬೇರೆಯೇ ಅರ್ಥ ಕೊಡುತ್ತದೆ.

ಬಿದರಿ ಕೆಲಸದ ಹೂದಾನಿ ಅಥವಾ ಪೆಟ್ಟಿಗೆಯೂ ಚೆನ್ನ. ಸತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುತ್ತಾರೆ. ಮದುವೆಗೆ ಕಪ್ಪು ತರಬಾರದು ಅನ್ನುವ ಅಜ್ಜಿ ಮನೆಯಲ್ಲಿದ್ದರೆ ಮದುವೆ ಮುಗಿದ ಮೇಲೆ ಕೊಡಿ, ಸುಮ್ನೆ ರಗಳೆ ಯಾಕೆ. ಅವಳಿಗೆ ಸೀರೆ ಇಷ್ಟವಾದರೆ ತೋಪು ತೆನಿ ಸೆರಗಿನ ಇಳಕಲ್ ಕೊಡಿ. ರೆಡಿಮೇಡ್ ಬ್ಲೌಸ್ ಸೇರಿಸಬೇಡಿ, ಅಳತೆ ಕೇಳಲೂ ಬೇಡಿ. ಹೆರಿಗೆಯಾದ ಮೈ ಅದು. ಕೈಯಲ್ಲಿ ಮಗು ಇಲ್ಲದಿದ್ದರೂ ಎದೆಯಲ್ಲಿ ಹಾಲು ಬಂದಿರುತ್ತದೆ, ಮೈ ಹಿಗ್ಗಿರುತ್ತದೆ. ಹಳೆಯ ಬಟ್ಟೆ ಹಿಡಿಯದೆ ಹೋದಾಗ ಆಗುವ ಸಂಕಟ ಬೇರೆಯವರಿಗೆ ಗೊತ್ತಾಗುವುದಿಲ್ಲ.

ಎರಡು ದಿನದ ಪ್ರವಾಸ ಕೊಡಿಸುವುದೂ ಒಳ್ಳೆಯದೇ. ಸರ್ಕಾರದ ಜಂಗಲ್ ಲಾಡ್ಜಸ್‌ನ ಕಬಿನಿ, ಭೀಮೇಶ್ವರಿ, ಕಾರವಾರದ ದೇವಬಾಗ್ ನಿಶ್ಶಬ್ದವಾದ ಜಾಗಗಳು. ಬುಕ್ ಮಾಡುವಾಗ ದಿನ ಬದಲಿಸಲು ಬರುತ್ತದೆಯಾ ಎಂದು ಮೊದಲೇ ಕೇಳಿ. ಹೊರಡುವ ದಿನ ಬೆಳಿಗ್ಗೆ ಎದ್ದು "ಆಗಲ್ಲ" ಅನಿಸಬಹುದು. ಹನಿಮೂನ್ ಪ್ಯಾಕೇಜ್ ಮಾತ್ರ ಬೇಡ. ಹಾಸಿಗೆ ಮೇಲೆ ಗುಲಾಬಿ ದಳ, ಟವೆಲಿನ ಹಂಸ ಎಲ್ಲರಿಗೂ ತಮಾಷೆಯಾಗಿರುವುದಿಲ್ಲ.

ಮದುಮಗನನ್ನು ಮರೆಯಬೇಡಿ. ಮಗು ಹೋದಾಗ ಎಲ್ಲರೂ ಅವನನ್ನು ಕೇಳಿದ್ದು "ಅವಳು ಹೇಗಿದ್ದಾಳೆ?" ಅಂತ ಮಾತ್ರ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಗರ್ಭಪಾತವಾದ ಹೆಂಗಸಿಗೆ ಆರು ವಾರದ ಸಂಬಳ ಸಹಿತ ರಜೆ ಬರೆದಿಟ್ಟಿತು. ಗಂಡನಿಗೆ ಅದರಲ್ಲಿ ಒಂದು ದಿನವೂ ಇರಲಿಲ್ಲ. ನನ್ನ ಗೆಳೆಯ ನಾಲ್ಕನೇ ದಿನಕ್ಕೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಉಡುಗೊರೆ ಸೀರೆ, ಬೆಳ್ಳಿ, ಅಡುಗೆಮನೆ ಅಂತ ಅವಳ ಕಡೆಗೇ ವಾಲಿದ್ದರೆ ಅವನಿಗೆಂದು ಒಂದು ಪುಸ್ತಕವೋ ಒಳ್ಳೆಯ ಪಂಚೆಯೋ ಜೊತೆಗಿಡಿ.

ಹಂತ 6: ಮಗುವಿನ ನೆನಪಿನ ಉಡುಗೊರೆ

ಇದನ್ನು ಕೇಳದೆ ಮಾಡಬಾರದು. ಮಗುವಿನ ಹೆಸರು ಕೊರೆಸಿದ ಪದಕ, ಗರ್ಭದ ಸ್ಕ್ಯಾನ್ ಚಿತ್ರದ ಫ್ರೇಮು ಇವೆಲ್ಲ ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಬ್ರಿಟನ್, ಅಮೆರಿಕದಲ್ಲಿ ಇರುವ ನಮ್ಮವರು ಇದನ್ನು ಜಾಸ್ತಿ ನೋಡಿರುತ್ತಾರೆ. ಅಲ್ಲಿ ಎಷ್ಟೋ ಆಸ್ಪತ್ರೆಗಳು ಮಗುವಿನ ಕೈಕಾಲಿನ ಅಚ್ಚು ತೆಗೆದು ಪೆಟ್ಟಿಗೆಯಲ್ಲಿಟ್ಟು ಕೊಡುತ್ತವೆ. ಅಕ್ಟೋಬರ್ 15ರ ಸಂಜೆ 7ಕ್ಕೆ ಇಂಥ ಮಕ್ಕಳಿಗಾಗಿ ಮೇಣದಬತ್ತಿ ಹಚ್ಚುವ ರೂಢಿಯೂ ಇದೆ. ಮದುವೆಯಲ್ಲಿ ಮಗುವಿಗೊಂದು ಖಾಲಿ ಕುರ್ಚಿ ಇಡುವವರಿದ್ದಾರೆ. ಆದರೆ ಅದು ಮದುಮಕ್ಕಳೇ ತೀರ್ಮಾನಿಸಿ ಇಡುವುದು. ಅತಿಥಿ ಹೊತ್ತು ತರುವಂಥದ್ದಲ್ಲ.

ಗಿಡ ಕೊಡುವ ಯೋಚನೆ ತುಂಬ ಜನಕ್ಕೆ ಬರುತ್ತದೆ. ನನಗೂ ಬಂದಿತ್ತು. ಆಮೇಲೆ ಅವರ ಮೂರನೇ ಮಹಡಿಯ ಬಾಲ್ಕನಿ ನೆನಪಾಯಿತು. ಮಗುವಿನ ಹೆಸರಲ್ಲಿ ಕೊಟ್ಟ ಪಾರಿಜಾತ ಏಪ್ರಿಲ್ ಬಿಸಿಲಿಗೆ ಒಣಗಿ ನಿಂತರೆ ಅದನ್ನು ಕಿತ್ತೆಸೆಯುವವರು ಯಾರು? ಕೊಡಲೇಬೇಕು ಅನಿಸಿದರೆ ಊರಿನ ನಿಮ್ಮ ತೋಟದಲ್ಲೋ ಹಿತ್ತಲಲ್ಲೋ ನೀವೇ ನೆಡಿ, ನೀರು ಹಾಕಿ ಉಳಿಸಿ. ಒಂದೆರಡು ಮಳೆಗಾಲ ದಾಟಿದ ಮೇಲೆ ಹೇಳಿದರಾಯಿತು.

ಆಸ್ಪತ್ರೆಗೋ ಅನಾಥಾಲಯಕ್ಕೋ ಮಗುವಿನ ಹೆಸರಲ್ಲಿ ದಾನ ಕೊಡುವುದೂ ಹಾಗೆಯೇ. ಅವರು ಕೇಳಿಕೊಂಡರೆ ಕೊಡಿ. ಮದುವೆ ದಿನ ರಸೀದಿ ತಂದು ಕೈಗಿಡಬೇಡಿ.

ಹಂತ 7: ಪತ್ರ ಬರೆಯಿರಿ

ನನ್ನ ಲೆಕ್ಕದಲ್ಲಿ ವಸ್ತುವಿಗಿಂತ ಇದೇ ದೊಡ್ಡದು. ಯಾಕೆಂದು ಹೇಳುತ್ತೇನೆ.

ನಮ್ಮಲ್ಲಿ ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ತಾಯಿ ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿ ಇರುವಾಗಲೇ ಗಂಡಸರು ಹೋಗಿ ಮಣ್ಣು ಮಾಡಿ ಬರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಆ ಮಗುವಿಗೆ ವೈಕುಂಠ ಸಮಾರಾಧನೆ ಇಲ್ಲ, ವರ್ಷದ ತಿಥಿ ಇಲ್ಲ, ಗೋಡೆ ಮೇಲೆ ಫೋಟೋ ಇಲ್ಲ. ನಾಮಕರಣ ಆಗಿರದಿದ್ದರೆ ಹೆಸರೂ ಇಲ್ಲ. ಬೇರೆ ಸಾವಿಗೆಲ್ಲ ಊರು ಬಂದು ಕೂತು ಮಾತಾಡುತ್ತದೆ, ಇದಕ್ಕೆ ಮಾತ್ರ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೃಷ್ಣನ ಪಟದ ವಿಷಯಕ್ಕೆ ನಾನು ತಪ್ಪಾಯಿತು ಅಂದಾಗ ನನ್ನ ಗೆಳತಿ ಹೇಳಿದ್ದು ಇದು: "ಪಟಕ್ಕೆ ಬೇಜಾರಿಲ್ಲ ಕಣೇ. ಅವತ್ತು ಇಡೀ ದಿನ ಅವನ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ನೀನೂ ಆಡಲಿಲ್ಲ."

ಹಾಗಾಗಿ ಬರೆಯಿರಿ. ಕೈಬರಹ, ಬಿಳಿ ಕಾಗದ, ಐದಾರು ಸಾಲು. ಮೊದಲು ಮದುವೆಯ ಸಂತೋಷ, ಆಮೇಲೆ ಮಗುವಿನ ಮಾತು, ಕೊನೆಗೆ ನೀವು ಮಾಡಬಹುದಾದ ಒಂದು ಸಣ್ಣ ಕೆಲಸ. ಹೀಗೆ:

"ನಿಮ್ಮಿಬ್ಬರನ್ನು ಮಂಟಪದಲ್ಲಿ ನೋಡಿ ಕಣ್ಣು ತುಂಬಿತು. ಎಷ್ಟು ದೂರ ಬಂದಿರಿ! ಧಾರೆಯ ಹೊತ್ತಿಗೆ ನನಗೆ ಪಾಪು ನೆನಪಾದ. ನಿಮಗೂ ಆಗಿರುತ್ತಾನೆ. ಇದಕ್ಕೆ ಉತ್ತರ ಬರೆಯಬೇಕಿಲ್ಲ. ಶನಿವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ, ಊಟಕ್ಕೆ ಬಂದರೆ ಅವರೆಕಾಳು ಸಾರು ಮಾಡುತ್ತೇನೆ."

ಹೆಸರಿಟ್ಟಿದ್ದರೆ ಹೆಸರನ್ನೇ ಬರೆಯಿರಿ. ಗೊತ್ತಿಲ್ಲದಿದ್ದರೆ 'ಪಾಪು' ಸಾಕು. "ಏನಂತ ಕರೀತಿದ್ರಿ?" ಎಂದು ಮದುವೆಯ ಗಲಾಟೆಯಲ್ಲಿ ಕೇಳಬೇಡಿ, ಇನ್ನೊಂದು ದಿನ ಇದೆ. ಬರೆಯಬಾರದ ಮಾತುಗಳು ನಿಮಗೇ ಗೊತ್ತು. ಋಣ ಇರಲಿಲ್ಲ. ದೇವರು ಇನ್ನೊಂದು ಕೊಡುತ್ತಾನೆ. ಇನ್ನೂ ವಯಸ್ಸಿದೆ. ಆದದ್ದೆಲ್ಲ ಒಳ್ಳೆಯದಕ್ಕೇ. ಇವನ್ನು ಹೇಳುವವರು ಕೆಟ್ಟವರಲ್ಲ, ಏನು ಹೇಳಬೇಕೋ ತೋಚದೆ ಹೇಳುತ್ತಾರೆ. ಆದರೆ ಅವರು ಈಗಾಗಲೇ ಇವನ್ನೆಲ್ಲ ನೂರು ಬಾಯಿಂದ ಕೇಳಿದ್ದಾರೆ.

ಈ ಪತ್ರವನ್ನು ಉಡುಗೊರೆಗೆ ಅಂಟಿಸಬೇಡಿ. ಮದುವೆಯಾಗಿ ಮೂರ್ನಾಲ್ಕು ದಿನಕ್ಕೆ ತಲುಪುವಂತೆ ಅಂಚೆಗೆ ಹಾಕಿ, ಇಲ್ಲವೇ ಕೈಯಲ್ಲೇ ಕೊಡಿ.

ಹಂತ 8: ಛತ್ರದಲ್ಲಿ

ಮಂಟಪ ಹತ್ತಿದಾಗ "ಇಬ್ಬರೂ ಚೆನ್ನಾಗಿರಿ" ಅಂದರೆ ಸಾಕು. ಅಕ್ಷತೆ ಹಾಕುವ ಅತ್ತೆ ಮಾವಂದಿರು ಹೇಗೂ "ಬೇಗ ಸಿಹಿಸುದ್ದಿ ಕೊಡಿ", "ವರ್ಷದೊಳಗೆ ತೊಟ್ಟಿಲು ಕಟ್ಟಬೇಕು" ಅನ್ನುತ್ತಾರೆ. ಅದನ್ನು ನೀವು ತಡೆಯಲಾರಿರಿ. ಕೆಲವು ಮನೆತನಗಳಲ್ಲಿ ಸೀರೆಯ ತೊಟ್ಟಿಲು ಕಟ್ಟಿ, ಗೊಂಬೆ ಮಲಗಿಸಿ, ಮದುಮಕ್ಕಳಿಂದ ತೂಗಿಸುವ ಶಾಸ್ತ್ರವಿದೆ. ಅದು ಬೇಕೋ ಬೇಡವೋ ಎಂದು ಅವಳನ್ನು ಮೊದಲೇ ಕೇಳಿ, ಬೇಡವಾದರೆ ಪುರೋಹಿತರ ಕಿವಿಯಲ್ಲಿ ಹಾಕುವ ಕೆಲಸ ನೀವು ವಹಿಸಿಕೊಳ್ಳಬಹುದು. ಉಡಿ ತುಂಬುವುದೂ ಹಾಗೆಯೇ. ಕೆಲವರಿಗೆ ಅದು ಸಮಾಧಾನ, ಕೆಲವರಿಗೆ ಮಡಿಲಿಗೆ ಅಕ್ಕಿ ಬೀಳುವುದನ್ನು ನೋಡಲಾಗುವುದಿಲ್ಲ. ನನ್ನನ್ನು ಕೇಳಿದರೆ ಅಂದು ನೀವು ಕೊಡಬಹುದಾದ ಅತಿ ಒಳ್ಳೆಯ ಉಡುಗೊರೆ, ಹೀಗೆ ಮೊದಲೇ ಕೇಳಿ ನೋಡಿಕೊಳ್ಳುವುದೇ.

ಊಟಕ್ಕೆ ಮುಂಚೆ ಅವಳು ಐದು ನಿಮಿಷ ರೂಮಿಗೆ ಹೋದರೆ ಹಿಂದೆಯೇ ಓಡಬೇಡಿ. ಬಾಗಿಲ ಹತ್ತಿರ ನಿಂತು, ಫೋಟೋಗ್ರಾಫರ್ ಬಂದರೆ "ಸೀರೆ ಬದಲಾಯಿಸ್ತಿದ್ದಾರೆ" ಅನ್ನಿ.

ಹಂತ 9: ಮದುವೆ ಮುಗಿದ ಮೇಲೆ

ಎರಡನೇ ಹಂತದಲ್ಲಿ ಗುರುತು ಮಾಡಿಕೊಂಡ ಆ ಎರಡು ತಾರೀಕನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ, ಪ್ರತಿ ವರ್ಷ ನೆನಪಿಸುವಂತೆ ಇಡಿ. ಆ ದಿನ ಬೆಳಿಗ್ಗೆ ಒಂದು ಸಾಲು ಸಾಕು: "ಇವತ್ತು ಪಾಪು ನೆನಪಾದ." ಇಬ್ಬರಿಗೂ ಬೇರೆಬೇರೆಯಾಗಿ ಕಳಿಸಿ, ಅವನಿಗೂ. ಸ್ಟಿಕ್ಕರ್, ಇಮೋಜಿ ಬೇಡ. ಉತ್ತರ ಬರದಿದ್ದರೆ ಮತ್ತೆ ಕೇಳಬೇಡಿ.

ನಾನು ಕಳಿಸಿದ ಮೊದಲ ಸಾಲಿಗೆ ಅವಳಿಂದ ಏನೂ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅವನಿಂದ ಬಂತು: "ಥ್ಯಾಂಕ್ಸ್ ಕಣೇ. ಅಮ್ಮ ಕೂಡ ಮರೆತಿದ್ದರು."